ಹೂಂ ಅನ್ನದಿದ್ದರೆ ಕತೆಯಿಲ್ಲ

ದಿಲ್ಲಿಗೆ ಬಂದ ಮೇಲೆ ನನಗೆ ಅಂಟಿಕೊಂಡ ದುರಭ್ಯಾಸಗಳಲ್ಲಿ ಮುಖ್ಯವಾದದ್ದು, ಕೇಳಿಸಿಕೊಳ್ಳದೆಯೇ ಹೂಂ ಅನ್ನುವುದು. ಕಚೇರಿಯ ಮೀಟಿಂಗುಗಳಲ್ಲಿ ಇದು ವಿನಯವೆನಿಸಿಕೊಳ್ಳುತ್ತದೆ. ನನ್ನ ತಾಯಿಯ ಹತ್ತಿರ ಮಾತ್ರ ಈ ಆಟ ನಡೆಯದು. ಅವರು ಕತೆ ಹೇಳುವಾಗ ಕೇಳುವವರು ಮಾತುಮಾತಿಗೂ ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕತೆಯೂ ನಿಂತಿತು.

ನಮ್ಮ ಲೋಧಿ ಕಾಲೋನಿಯಲ್ಲಿ ಭಾನುವಾರಗಳಂದು ಮಕ್ಕಳಿಗೆ ಕನ್ನಡ ಪಾಠವಿದೆ. ನಡೆಸುವವರು ನಿವೃತ್ತ ಅಧಿಕಾರಿ ಶೇಷಗಿರಿ ರಾಯರು. ಭಾಷೆ ಎಂದರೆ ಉಪಯೋಗ, ಕತೆ ಎಂದರೆ ಟೈಮ್‌ಪಾಸ್ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಚೀಲದಲ್ಲಿ ತರಕಾರಿ ತಂದು ಒಂದೊಂದನ್ನೇ ಎತ್ತಿ ಹಿಡಿದು 'ಇದೇನು?' ಎನ್ನುತ್ತಾರೆ. ಮಕ್ಕಳು 'ಇದು ಬದನೆಕಾಯಿ' ಎಂದು ಕೂಗುತ್ತವೆ. ಈ ಮಹಾವಾಕ್ಯವನ್ನು ಯಾರಿಗೆ ಹೇಳಬೇಕೆಂದು ರಾಯರು ಯೋಚಿಸಿದಂತಿಲ್ಲ. ಗಲ್ಲಿಯ ತರಕಾರಿ ಭಯ್ಯಾನಿಗೆ ಅದು ಬೈಂಗನ್. ಮನೆಯಲ್ಲಿರುವ ಕನ್ನಡದವರಿಗೆ ಅದೇನೆಂದು ಮೊದಲೇ ಗೊತ್ತು. ಪುಸ್ತಕದ ಬದನೆಕಾಯಿ ಎಂಬ ಮಾತನ್ನು ನಮ್ಮ ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು.

ನನ್ನ ಮಗಳು ಅನ್ವಿತಾ ಈ ವಿದ್ಯೆಯಲ್ಲಿ ಪಾರಂಗತೆ. ಗೊತ್ತಿಲ್ಲದ ತರಕಾರಿಯಿಲ್ಲ. ಆದರೆ ಒಂದೇ ಕೋಣೆಯಲ್ಲಿ ಮಲಗುವ ಅಜ್ಜಿ ಏನು ಕೇಳಿದರೂ ಅವಳ ಉತ್ತರ 'ಅಚ್ಛಾ'. ತಾಯಿಗೆ ಹಿಂದಿ ಬಾರದು. ಒಂದು ದಿನ ಅವರು ನನ್ನನ್ನು ಕರೆದು, "ಈ ಮಗು ನನ್ನ ಹತ್ರ ಮಾತೇ ಆಡಲ್ವಲ್ಲೋ. ನಾನೇನು ಮಾಡಿದೆ?" ಎಂದರು. ಪಾಠದಲ್ಲಿ ಒಂದಾದರೂ ಕತೆ ಸೇರಿಸಿ ಎಂದು ರಾಯರನ್ನು ಬೇಡಿಕೊಂಡೆ. ಮೊದಲು ಬೇಸಿಕ್ಸ್ ಆಗಲಿ, ಅಲಂಕಾರ ಆಮೇಲೆ ಎಂದು ಅವರು ಕರುಣೆಯಿಂದ ನಕ್ಕರು.

ಬೇಸಿಕ್ಸ್ ಅಂತೆ! ನಮ್ಮ ಪುರಾಣಗಳನ್ನು ತೆಗೆದು ನೋಡಿ. ಹೇಳುವವನೊಬ್ಬ, 'ಮುಂದೇನಾಯಿತು?' ಎನ್ನುವವನೊಬ್ಬ. ಇಷ್ಟರ ಮೇಲೆಯೇ ಇಡೀ ಸಂಸಾರ ನಿಂತಿದೆ. ಯಾವ ಋಷಿಯೂ ಶಿಷ್ಯನಿಗೆ ಬದನೆಕಾಯಿ ತೋರಿಸಿದ ಉಲ್ಲೇಖವಿಲ್ಲ.

ರಾಯರನ್ನು ಬಿಟ್ಟು, ಮಗಳಿಗೆ ಕತೆ ಹೇಳಿ ಎಂದು ನಾನು ತಾಯಿಯನ್ನೇ ಕೇಳಿಕೊಂಡೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು, ಕೂಲರು ಗೊರಗುಟ್ಟುತ್ತಿತ್ತು. ನರಿಯೊಂದು ಆಮೆಗೆ ಸುಳ್ಳು ಹೇಳಿ ಬಾವಿಯ ಹತ್ತಿರ ಕರೆದೊಯ್ಯುವವರೆಗೆ ಕತೆ ಬಂತು. ಅನ್ವಿತಾಳ ಕಣ್ಣು ಮೊಬೈಲಿನ ಕಡೆ ಹೊರಳಿತು, ಹೂಂ ತಪ್ಪಿತು. ತಾಯಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಮಗಳು ಅಲುಗಾಡಿಸಿದಳು, 'ಬೋಲೋ ನಾ' ಎಂದು ಗೋಗರೆದಳು. ಅಜ್ಜಿಗೆ ಹಿಂದಿ ಬಾರದಲ್ಲ, ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅವಳು ಮಾತು ಹೆಕ್ಕಿ ಹೆಕ್ಕಿ ಕೇಳಿದಳು: "ಲೇಕಿನ್ ಅಜ್ಜಿ, ನರಿ ಸುಳ್ಳು ಹೇಳ್ತು. ಆಮೆ ಯಾಕೆ ನಂಬ್ತು?"

ತಾಯಿ ಈ ಕಡೆ ತಿರುಗಿದರು. "ಅದು ಒಂಟಿಯಾಗಿತ್ತು ಕಣೇ. ಮಾತಾಡೋರು ಸಿಕ್ಕಿದ್ರೆ ಸಾಕು ಅನ್ನಿಸಿತ್ತು."

ಅನ್ವಿತಾ ಮೊಬೈಲನ್ನು ದಿಂಬಿನ ಕೆಳಗೆ ತಳ್ಳಿ "ಹೂಂ" ಎಂದಳು. ಆ ಮಧ್ಯಾಹ್ನದಿಂದ ಅವರಿಬ್ಬರ ನಡುವೆ ನರಿಯ ನ್ಯಾಯಾನ್ಯಾಯದ ಬಗ್ಗೆ ಜಗಳ ನಿಂತಿಲ್ಲ. ಜಗಳವೆಲ್ಲ ಹೆಚ್ಚುಕಡಿಮೆ ಕನ್ನಡದಲ್ಲೇ.

ಕಳೆದ ಭಾನುವಾರ ಪಾಲಕರೆದುರು ಮಕ್ಕಳ ಪರೀಕ್ಷೆಯಿತ್ತು. ತಾಯಿಯೂ ಬಂದು ಮುಂದೆಯೇ ಕುಳಿತಿದ್ದರು. ರಾಯರು ಬದನೆಕಾಯಿ ಎತ್ತಿದರು. ಅನ್ವಿತಾ ಹೆಸರು ಹೇಳಿದಳು. "ಶಾಬಾಶ್. ಇದು ಬದನೆಕಾಯಿ" ಎಂದು ರಾಯರು ಸಭೆಗೆ ಸಾರಿದರು.

"ಹೂಂ" ಎಂದಳು ಅನ್ವಿತಾ. ಸ್ವಲ್ಪ ಕಾದಳು. "ಆಮೇಲೆ ಏನಾಯ್ತು, ಅಂಕಲ್?"

ರಾಯರು ಬದನೆಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಆಮೇಲೆ ಏನೂ ಇಲ್ಲಮ್ಮ. ಅಷ್ಟೇ" ಎಂದರು. ಅವರ ಪಾಠಕ್ರಮದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಬೇವಿನ ಮರಗಳ ಕೆಳಗೆ ಮನೆಗೆ ನಡೆಯುವಾಗ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಲೇ ಶುರುಮಾಡಿದರು: "ಒಂದೂರಲ್ಲಿ ಒಂದು ಬದನೆಕಾಯಿ ಇತ್ತಂತೆ."

ಮಗಳು ಹೂಂ ಎಂದಳು. ಬಹಳ ಕಾಲದ ಮೇಲೆ ನಾನೂ ಕೇಳಿಸಿಕೊಂಡೇ ಹೂಂ ಎಂದೆ.