ಮೂರನೆಯ ಮೊರ

ನನ್ನ ಸೋದರತ್ತೆಯ ಹೆಬ್ಬೆರಳು, ತೋರುಬೆರಳುಗಳ ತುದಿ ವರ್ಷವಿಡೀ ಕಪ್ಪಗೆ ಕರೆಗಟ್ಟಿರುತ್ತಿತ್ತು. ಹಿಪ್ಪುನೇರಳೆ ಸೊಪ್ಪಿನ ಕರೆ ಅದು, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು. ಊಟಕ್ಕೆ ಕೂತರೂ ಆ ಎರಡು ಬೆರಳು ಸುಮ್ಮನಿರದೆ ತಟ್ಟೆಯ ಅಂಚು ಸವರುತ್ತಲೇ ಇರುತ್ತಿದ್ದವು. ಅರ್ಧ ಮುದ್ದೆ ನುಂಗುವಷ್ಟರಲ್ಲಿ ಎದ್ದುಬಿಡುತ್ತಿದ್ದಳು. "ಉಳ ಕೂಗ್ತಾವೆ ಕಣವ್ವ, ಉಣ್ತಿರು, ಬತ್ತೀನಿ" ಎಂದು ಹುಳುಮನೆಗೆ ಓಡುತ್ತಿದ್ದಳು. ರೇಷ್ಮೆ ಹುಳು ಎಲ್ಲಾದರೂ ಕೂಗುತ್ತದೆಯೇ ಎಂದು ನಾನು ನಗುತ್ತಿದ್ದೆ. ಅವಳು ಹುಳುವಿನ ತಟ್ಟೆಗೆ ಕಿವಿ ಕೊಟ್ಟು, ಸೊಪ್ಪು ತಿನ್ನುವ ಸದ್ದಿನಲ್ಲೇ ಅವುಗಳ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳುತ್ತಿದ್ದಳು.

ಯಳಂದೂರಿನ ನಮ್ಮ ಮನೆಯಿಂದ ಅತ್ತೆಯನ್ನು ಮುಳ್ಳೂರಿಗೆ ಮದುವೆ ಮಾಡಿಕೊಟ್ಟಾಗ ಕೊಳ್ಳೇಗಾಲದ ಸೀಮೆ ಇನ್ನೂ ಮದ್ರಾಸಿಗೆ ಸೇರಿತ್ತು. ಅರ್ಧ ದಿನದ ಗಾಡಿದಾರಿಗೆ ನಮ್ಮಜ್ಜಿ "ಮಗಳನ್ನ ಬೇರೆ ರಾಜ್ಯಕ್ಕೆ ಕೊಟ್ಬುಟ್ಟೆ" ಎಂದು ಅತ್ತಿದ್ದಳಂತೆ. ಅತ್ತೆಗೆ ಮಕ್ಕಳಾಗಲಿಲ್ಲ. ಮಾವ ಬೇಗ ತೀರಿಕೊಂಡ. ಮನೆಯ ಯಜಮಾನಿಕೆ ಅವಳ ಮೈದುನನಿಗೆ ಹೋಯಿತು. ಬೀದಿ ಕಡೆಯ ಒಂದು ಉದ್ದನೆಯ ಕೋಣೆ ಮಾತ್ರ ಅವಳ ಪಾಲಿಗೆ ಉಳಿಯಿತು, ಅದೂ ಬಾಯಿಮಾತಿನಲ್ಲಿ. ಅದರಲ್ಲಿ ಹುಳು ಸಾಕಿ, ಗೂಡು ಮಾರಿ, ತನ್ನ ಸೀರೆ, ತನ್ನ ಔಷಧಿ, ನನ್ನ ಕಾಲೇಜಿನ ಪುಸ್ತಕ ಎಲ್ಲವನ್ನೂ ಅವಳೇ ನೋಡಿಕೊಂಡಳು. "ಈ ಕೋಣೆ ಇರೋಗಂಟ ನಾನು ಯಾರ ಮುಂದ್ಕೂ ನಿಂತ್ಕಳಕ್ಕಿಲ್ಲ" ಅನ್ನುತ್ತಿದ್ದಳು.

ನಾನು ಮೈಸೂರಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಎಪ್ಪತ್ತರ ಆಸುಪಾಸು. ನಮಗೊಬ್ಬರು ಮೇಷ್ಟ್ರಿದ್ದರು. ಉಳಿದವರೆಲ್ಲ ಜಿರಲೆ ಕುಯ್ಯಿಸಿ ಚಿತ್ರ ಬರೆಸುತ್ತಿದ್ದರೆ ಇವರು ಮೊದಲ ದಿನವೇ ಕೈ ಝಾಡಿಸಿಬಿಟ್ಟರು. "ನೋಟ್ಸು ಬರೆಸೋಕೆ ನನಗೆ ಬರಲ್ಲ. ಒಬ್ಬೊಬ್ಬರೂ ನಿಮ್ಮ ಊರಿಂದ ಒಂದೊಂದು ಸಮಸ್ಯೆ ತನ್ನಿ. ಅದಕ್ಕೆ ಪುಸ್ತಕದಲ್ಲಿ ಉತ್ತರ ಸಿಗೋ ಹಾಗಿದ್ದರೆ ಬೇಡ. ವರ್ಷವೆಲ್ಲ ಅದೇ ನಿಮ್ಮ ಪಾಠ" ಎಂದರು. ಹನೂರಿನ ಹುಡುಗಿಯೊಬ್ಬಳು ಹುಣಸೆಹಣ್ಣಿನ ಹುಳು ಹಿಡಿದಳು. ನಾನು ಅತ್ತೆಯ ಹುಳುಮನೆಯ ಕಟ್ಟುಪಾಡುಗಳನ್ನು ಪಟ್ಟಿ ಮಾಡಿ ಒಯ್ದೆ.

ಪಟ್ಟಿ ಉದ್ದವಿತ್ತು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳು ಮುಟ್ಟಬಾರದು. ಹೊರಗಿನವರ ಮುಂದೆ ಹುಳು ಚೆನ್ನಾಗಿವೆ ಅನ್ನಬಾರದು. ಬಸುರಿಯರು ತಟ್ಟೆ ಎಣಿಸಬಾರದು. ಮುಟ್ಟಾದವರು ಹೊಸಿಲು ದಾಟಬಾರದು. ಇನ್ನೊಬ್ಬರ ಹುಳುಮನೆಗೆ ಹೋದವರು ಅವತ್ತೇ ನಮ್ಮ ಹುಳುಮನೆಗೆ ಬರಬಾರದು, ಮಿಂದು ಸೀರೆ ಬದಲಿಸಿ ಮರುದಿನ ಬರಬೇಕು. ಮೇಷ್ಟ್ರು ಎಲ್ಲವನ್ನೂ ಮುಜುಗರವಿಲ್ಲದೆ ಓದಿ, "ಇದರಲ್ಲಿ ಯಾವುದು ಹುಳುವಿಗೆ ಬೇಕಾದದ್ದು, ಯಾವುದು ಮನುಷ್ಯರು ಸೇರಿಸಿದ್ದು? ಅಷ್ಟು ಹೇಳಿದರೆ ಸಾಕಮ್ಮ" ಎಂದರು.

ನನಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಕಡಿಮೆ. ಒಂದು ಕಡೆ ಕೂತರೆ ಕಾಲು ಕುಣಿಯುತ್ತದೆ, ಈಗಲೂ. ದಸರಾ ರಜೆಗೆ ಮುಳ್ಳೂರಿಗೆ ಹೋದವಳು ಎರಡನೆಯ ದಿನವೇ ಮುಟ್ಟಾದೆ. ಯಾರಿಗೂ ಹೇಳದೆ ಹುಳುಮನೆಗೆ ನುಗ್ಗಿ ಒಂದು ತಟ್ಟೆಯ ತುಂಬ ಕೈಯಾಡಿಸಿದೆ. ನಾಲ್ಕು ದಿನ ಕಾದೆ. ಹುಳುಗಳಿಗೆ ಏನೂ ಆಗಲಿಲ್ಲ. ನನಗೆ ಕೊಂಬು ಬಂತು. ಇದೊಂದು ಸುಳ್ಳಾದರೆ ಉಳಿದದ್ದೂ ಸುಳ್ಳೇ ಎಂದು ಒಳಗೊಳಗೇ ತೀರ್ಪು ಕೊಟ್ಟುಬಿಟ್ಟೆ. ಆರನೆಯ ದಿನ ಪಕ್ಕದ ಬೀದಿಯ ಮನೆಯಲ್ಲಿ ಹುಳುಗಳಿಗೆ ಸುಣ್ಣಕಟ್ಟು ರೋಗ ಬಿದ್ದಿದೆ ಎಂದು ಕೇಳಿ ಅಲ್ಲಿಗೆ ಓಡಿದೆ. ಆ ರೋಗ ಬಂದರೆ ಹುಳು ಸತ್ತು ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಬಿರುಸಾಗುತ್ತದೆ. ಅಂಥ ಏಳೆಂಟನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು, ಅದೇ ಕೈ, ಅದೇ ಲಂಗದಲ್ಲಿ ನೆಟ್ಟಗೆ ಬಂದು ಅತ್ತೆಯ ಹುಳುಗಳಿಗೆ ಸೊಪ್ಪು ಹಾಕಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಆತುರ.

ವಾರ ತುಂಬುವುದರೊಳಗೆ ಅತ್ತೆಯ ಹುಳು ಮಂಕಾದವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು, ಆಗ. ಒಂದು ಬೆಳಿಗ್ಗೆ ತಟ್ಟೆ ತುಂಬ ಬಿಳಿ. ಅತ್ತೆ ಅಳಲಿಲ್ಲ. ಒಂದೊಂದೇ ತಟ್ಟೆ ಹೊತ್ತು ಹಿತ್ತಿಲಿಗೆ ಹೋಗಿ ಗುಂಡಿಗೆ ಸುರಿದಳು. ನಾನು ನೆರವಿಗೆ ಹೋದರೆ "ನೀ ಮುಟ್ಬ್ಯಾಡ" ಅಂದಳು, ಅಷ್ಟೇ.

ಮೈದುನ ಜಗುಲಿಯಲ್ಲಿ ನಿಂತು ನೋಡುತ್ತಿದ್ದ. ಆ ಕೋಣೆಯ ಮೇಲೆ ಅವನಿಗೆ ಕಣ್ಣಿತ್ತು. ರಸಗೊಬ್ಬರದ ಅಂಗಡಿ ಇಡಬೇಕು ಎಂದು ವರ್ಷದಿಂದ ಹೇಳುತ್ತಿದ್ದ. ನಾನು ಮುಟ್ಟಿನ ದಿನ ಒಳಗೆ ಹೋದದ್ದನ್ನು ಅವನ ಹೆಂಡತಿ ನೋಡಿದ್ದಳು. "ಅತ್ಗೆ, ನಿಮ್ಮಣ್ಣನ ಮಗಳು ಮುಟ್ಟಾಗಿ ಒಳೀಕ್ ಓಗವ್ಳೆ. ಇನ್ನೇನಾದದು? ಮೈಲಿಗೆಯಾದ ಕೋಣೇಲಿ ಉಳ ನಿಲ್ಲಕ್ಕಿಲ್ಲ. ಬುಟ್ಕೊಡಿ, ಗೊಬ್ಬರ ಆಕ್ಕತೀನಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ನನ್ನದೇ, ಆದರೆ ಅವನು ಹೇಳುತ್ತಿರುವ ತಪ್ಪಲ್ಲ. ಆ ಮಧ್ಯಾಹ್ನ ಹಿತ್ತಿಲಲ್ಲಿ ಅತ್ತೆಗೆ ಎಲ್ಲವನ್ನೂ ಒದರಿಬಿಟ್ಟೆ. ಪಕ್ಕದ ಬೀದಿಗೆ ಹೋದದ್ದು, ಬೆಂಕಿಪೊಟ್ಟಣ, ಮೀಯದೆ ಬಂದದ್ದು. ಅವಳು ಖಾಲಿ ತಟ್ಟೆಗಳನ್ನು ಒಂದೊಂದಾಗಿ ಬಿಸಿಲಿಗೆ ಒರಗಿಸಿಟ್ಟಳು.

"ಮುಟ್ಟಾಗೂ ಓಗಿದ್ದೆ, ಆ ಮನ್ಗೂ ಓಗಿದ್ದೆ. ಯಾವದ್ರಿಂದ ಸತ್ವು ಅಂತ ನಿಂಗೆಂಗ್ ಗೊತ್ತು?" ಅಂದಳು ಕೊನೆಗೆ.

"ನಂಗೊತ್ತು ಅತ್ತೆ. ಪುಸ್ತಕದಲ್ಲಿ ಐತೆ."

"ಪುಸ್ತಕ ನಮ್ ಮೈದ್ನಂಗೆ ಓದಕ್ ಬತ್ತದಾ? ಕಣ್ಗೆ ತೋರ್ಸು."

ಜ್ವರದಿಂದ ತಡವಾಗಿ ಎದ್ದ ಒಂದಷ್ಟು ಹುಳು ಅಡುಗೆಮನೆಯ ಪಕ್ಕ ಬೇರೆಯಾಗಿ ಉಳಿದಿದ್ದವು. ಪೊರೆ ಕಳಚುವಾಗ ಹುಳು ಸೊಪ್ಪು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅವಳಿಗೆ ಉಳಿದ ಬೆಳೆಯೆಂದರೆ ಅಷ್ಟೇ. ನಾನು ಎರಡು ಮೊರ ಸಾಕು ಎಂದೆ, ಒಂದನ್ನು ಮುಟ್ಟಾದವರು ಮುಟ್ಟುವುದು, ಇನ್ನೊಂದನ್ನು ಸತ್ತ ಹುಳುವಿನ ಪುಡಿ ಹತ್ತಿದ ಕೈಯಲ್ಲಿ ನಾನು ಮುಟ್ಟುವುದು. ಅತ್ತೆ ತಲೆ ಅಲ್ಲಾಡಿಸಿದಳು.

"ಮೂರ್ನೇದು ಬ್ಯಾಡ್ವಾ? ಯಾವ ಉಸಾಬರೀನೂ ಮಾಡ್ದೆ ಒಂದ್ನ ಸುಮ್ಕೆ ಇಕ್ಕಬೇಕು. ಅದೂ ಸತ್ರೆ ನಂ ಇಬ್ರದೂ ತಪ್ಪಲ್ಲ, ಗಾಳೀದು."

ಮೇಷ್ಟ್ರು ಮೂರು ತಿಂಗಳಿಂದ ನಮ್ಮ ತಲೆಗೆ ತುರುಕಲು ಹೆಣಗುತ್ತಿದ್ದದ್ದು ಅದೇ ಮಾತು. ಅಕ್ಷರ ಗೊತ್ತಿಲ್ಲದ ನನ್ನತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿ ಮುಗಿಸಿದಳು.

ಮುಟ್ಟಾದವರು ಯಾರು ಎಂದು ಹುಡುಕಬೇಕಾಗಲಿಲ್ಲ. ಮರುದಿನ ಅತ್ತೆಯೇ ಹೊರಗಾದಳು. ಜೀವಮಾನದಲ್ಲಿ ಅಂಥ ದಿನ ಹುಳುಮನೆಯ ಕಡೆ ತಲೆ ಹಾಕದವಳು. ಮೊರದ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಮುಂದಕ್ಕೆ ಮಾಡುತ್ತಾಳೆ, ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. "ತಪ್ಪಾಗಿದ್ರೆ ವಟ್ಟೇಗ್ ಆಕ್ಕಳಪ್ಪ ಮಾದೇವ" ಎಂದು ಕಣ್ಣು ಮುಚ್ಚಿಕೊಂಡು ಹುಳುಗಳ ಮೇಲೆ ಕೈಯಿಟ್ಟಳು. ಪುಡಿ ಹತ್ತಿದ ಕೈಯಲ್ಲಿ ನಾನು ಮುಟ್ಟಿದ ಮೊರವನ್ನು ದನದ ಕೊಟ್ಟಿಗೆಗೆ ಅಟ್ಟಿದಳು. ಮೂರನೆಯದಕ್ಕೆ ಸೊಪ್ಪು ಹಾಕುವ ಕೆಲಸವನ್ನು ಮೈದುನನ ಹೆಂಡತಿಗೇ ಕೊಟ್ಟಳು, ನಾಳೆ ಯಾರೂ ಮೋಸ ಅನ್ನಬಾರದು ಎಂದು.

ಆ ಎಂಟು ದಿನ ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗಲಿಲ್ಲ. ನಾನು ಕೊಟ್ಟಿಗೆಗೂ ಜಗುಲಿಗೂ ತಿರುಗಿದೆ. ಅತ್ತೆ ಅಡುಗೆಮನೆಗೂ ಹಿತ್ತಿಲಿಗೂ ತಿರುಗಿದಳು. ಕೊನೆಗೆ ನನ್ನ ಮೊರದ ಹುಳು ಬೆಳ್ಳಗಾದವು. ಉಳಿದೆರಡು ಮೊರದವು ಹಣ್ಣಾಗಿ, ಚಂದ್ರಿಕೆಯ ಬಿದಿರು ಸುರುಳಿಗೆ ಹತ್ತಿ ಗೂಡು ಕಟ್ಟಿದವು. ಅತ್ತೆ ಎರಡೂ ಕಡೆಯ ಗೂಡುಗಳನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. "ಇಷ್ಟ್ ವರ್ಸ ತಿಂಗಳಿಗ್ ಮೂರ್ ದಿನ ಉಳ ಬುಟ್ಟು ಆಚೆ ಕೂತಿದ್ನಲ್ಲವ್ವ" ಎಂದಳು. ಸಿಟ್ಟಿತ್ತು ಆ ಮಾತಿನಲ್ಲಿ, ನಗುವೂ ಇತ್ತು.

ಮೈದುನ ಮೂರು ಮೊರಗಳನ್ನೂ ನೋಡಿದ. ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. "ಎಂಗಸ್ರು ಆಟ ಕಟ್ಕಂಡು ನಾನ್ ಕುಣಿಯಕ್ಕಾಗ್ದು. ಇವಳ ಕಾಲೇಜು ಮೇಷ್ಟ್ರು ಬಂದು, ಮುಟ್ನಿಂದಲ್ಲ ಅಂತ ನಾಕ್ ಜನದ ಮುಂದೆ ಒಂದ್ ಮಾತು ಯೋಳ್ಲಿ. ಕೋಣೆ ನಿಮ್ದೇ. ಸಂಕ್ರಾಂತಿಗಂಟ ಕಾಯ್ತೀನಿ" ಅಂದ. ಅವನು ಆಡಿದ ಮಾತಿಗೆ ತಪ್ಪುವವನಲ್ಲ, ಅದು ಅತ್ತೆಗೂ ಗೊತ್ತಿತ್ತು. ನನ್ನನ್ನು ಬಸ್ಸು ಹತ್ತಿಸುವಾಗ, "ಮೇಷ್ಟ್ರ ಕರ್ಕಬಾ ಕೂಸು. ಒಂದೊತ್ತು ಬಂದ್ರೆ ಸಾಕು. ಕಾಲ್ಗ್ ಬೇಕಾದ್ರೂ ಬೀಳ್ತೀನಿ" ಎಂದಳು.

ಮೈಸೂರಿಗೆ ಬಂದು ವರದಿ ಬರೆಯಲು ಕೂತೆ. ಹುಳುಮನೆಗೆ ರೋಗ ತಂದವಳು ನಾನೇ ಎಂದು ಬರೆಯಲು ಕೈ ಬರಲಿಲ್ಲ. ಮೊದಲ ಸಾವನ್ನೂ ನಾನು ಬೇಕೆಂದೇ ಮಾಡಿದ ಪ್ರಯೋಗ ಎಂಬಂತೆ, ಸತ್ತದ್ದು ನಾಲ್ಕೇ ತಟ್ಟೆ ಎಂಬಂತೆ ಬರೆದೆ. ಮೇಷ್ಟ್ರು ನಿಂತುಕೊಂಡೇ ಓದಿದರು. ಕೊನೆಯ ಹಾಳೆಗೆ ಬಂದಾಗ ಕನ್ನಡಕ ತೆಗೆದರು.

"ಈ ಮೂರನೆಯ ಮೊರ ಇಡಬೇಕು ಅಂತ ಹೊಳೆದದ್ದು ಯಾರಿಗಮ್ಮ?"

"ನನಗೇ ಸಾರ್."

ಅಷ್ಟು ಸಲೀಸಾಗಿ ಬಂತು ಆ ಮಾತು. ಅವರು ಇಡೀ ತರಗತಿಗೆ ಅದನ್ನು ಓದಿಸಿದರು. ಆಮೇಲೆ ನನ್ನನ್ನು ಕಂಡಾಗಲೆಲ್ಲ, "ಆ ಹುಳುಮನೆ ನೋಡಬೇಕಲ್ಲ, ಯಾವಾಗ ಕರೆದುಕೊಂಡು ಹೋಗ್ತೀಯಾ?" ಎಂದು ಕೇಳತೊಡಗಿದರು. ಅವರು ಮುಳ್ಳೂರಿಗೆ ಕಾಲಿಟ್ಟರೆ ಅತ್ತೆ ಬಾಯಿಬಿಡುವುದೇ ಬೇಡ, ಮೈದುನನ ಹೆಂಡತಿಯೇ ಎಲ್ಲ ಹೇಳಿಬಿಡುತ್ತಾಳೆ. "ಈಗ ಬೆಳೆ ಇಲ್ಲ ಸಾರ್" ಎಂದೆ. "ಅತ್ತೆಗೆ ಮೈ ಸರಿಯಿಲ್ಲ ಸಾರ್" ಎಂದೆ. ಅತ್ತ ಅತ್ತೆಗೆ ಅಪ್ಪನ ಕೈಲಿ ಹೇಳಿಕಳಿಸಿದೆ, ಮೇಷ್ಟ್ರಿಗೆ ಬಿಡುವಿಲ್ಲವಂತೆ ಎಂದು. ಮಲಗಿದರೆ ನಿದ್ದೆ ಹತ್ತದು, ಓದಿದರೆ ತಲೆಗೆ ಹೋಗದು. ಇನ್ನೂ ದಿನವಿದೆ, ಮುಂದಿನ ವಾರ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸಂಕ್ರಾಂತಿ ಬಂತು, ಹೋಯಿತು.

ಕೋಣೆಗೆ ಗೊಬ್ಬರದ ಮೂಟೆ ಬಂದವು. ಅತ್ತೆ ಅಡುಗೆಮನೆಯ ಪಡಸಾಲೆಯಲ್ಲಿ ಒಂದು ಬೆಳೆ ಸಾಕಲು ನೋಡಿದಳು. ಹೊಗೆಗೆ ಹುಳು ನಿಲ್ಲಲಿಲ್ಲ. ಆಮೇಲೆ ಮೈದುನನ ಮನೆಯ ದನ, ಕಸ, ಮುಸುರೆಯಲ್ಲೇ ಅವಳ ದಿನ ಕಳೆಯಿತು. ಒಂದು ಸೀರೆ ಬೇಕಾದರೂ ಅವನ ಮುಂದೆ ನಿಲ್ಲಬೇಕಾಯಿತು. ನನಗೆ ಮೊದಲ ದರ್ಜೆ ಬಂತು. ಹನೂರಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಸೀರೆ ತೆಗೆದುಕೊಂಡು ಹೋದರೆ ಮುದ್ದಿಸಿ, ನೆಟಿಗೆ ಮುರಿದು, "ನನ್ ಕೂಸು ಮೇಷ್ಟ್ರಮ್ಮ ಆದ್ಲು" ಎಂದು ಬೀದಿಗೆಲ್ಲ ತೋರಿಸಿಕೊಂಡು ಬಂದಳು. ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಒಮ್ಮೆ ಮಾತ್ರ, ತಲೆ ಬಾಚುತ್ತಾ, "ಪಾಪ, ನಿಮ್ ಮೇಷ್ಟ್ರಿಗೆ ಎಷ್ಟ್ ಕೆಲ್ಸನೋ ಏನೋ" ಅಂದಳು. ಅದು ಕುಹಕವಲ್ಲ, ನಿಜವಾಗಿ ಹಾಗೇ ನಂಬಿದ್ದಳು. ಅದನ್ನೇ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಕೆಲವೇ ವರ್ಷಗಳಲ್ಲಿ, ಮೂರು ದಿನದ ಜ್ವರದಲ್ಲಿ ಅತ್ತೆ ಹೋಗಿಬಿಟ್ಟಳು. ತಿಥಿ ಮುಗಿಸಿಕೊಂಡು ನಾನು ಯಳಂದೂರಿಗೂ ಹೋಗದೆ, ಹನೂರಿಗೂ ಹೋಗದೆ, ಮೈಸೂರಿನ ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ವರಾಂಡದಲ್ಲಿ ಕೂತಿದ್ದರು. ಬೆಂಕಿಪೊಟ್ಟಣದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಯ್ಯಲಿ ಎಂದು ಕಾದೆ. ಅವರು ಬೈಯ್ಯಲಿಲ್ಲ.

"ಇಲ್ಲಿಂದ ಮುಳ್ಳೂರಿಗೆ ಎಷ್ಟು ಹೊತ್ತಿನ ದಾರಿ?" ಎಂದರು.

"ಬಸ್ಸಲ್ಲಿ ಎರಡು ಗಂಟೆ ಸಾರ್."

"ಭಾನುವಾರಗಳೆಲ್ಲ ನಾನು ಮನೆಯಲ್ಲೇ ಇರುತ್ತಿದ್ದೆನಲ್ಲಮ್ಮ" ಅಂದರು.