ಮಿತ್ಲಾದ ಅರ್ಧ ರೊಟ್ಟಿ

ಸಾವಿರಾರು ಮೈಲಿ ಹಾರಿ ಹೋಗಿ, ಬಿಸಿ ರೊಟ್ಟಿಯ ಎದುರು ಹಸಿದು ಕೂತವನನ್ನು ನೋಡಿದ್ದೀರಾ? ನಾನೇ ಅವನು.

ಕಳೆದ ತಿಂಗಳು ಮೆಕ್ಸಿಕೊದ ಒಹಾಕಾ ಕಡೆ ಹೋಗಿದ್ದೆ. ಟೂರಿನ ಗುಂಪಿನಲ್ಲಿ ಎಲ್ಲರೂ ಜೋಡಿ, ನಾನೊಬ್ಬನೇ ಸಿಂಗಲ್. (ಹೆಂಡತಿ ಶಾರದಾ ತೀರಿಕೊಂಡು ಎರಡು ವರ್ಷವಾಯಿತು. ಪ್ರವಾಸದ ಹುಚ್ಚು ಅವಳದು, ನನ್ನದಲ್ಲ.) ಗುಡ್ಡದ ತುದಿಯಲ್ಲಿ ಹಳೇ ಕಾಲದ ಕಲ್ಲಿನ ಮೆಟ್ಟಿಲು, ಇಳಿಜಾರಿನ ತುಂಬ ಪಾಪಾಸುಕಳ್ಳಿ, ಪೇಟೆಯೊಳಗೆ ತಿಳಿಹಸಿರು ಕಲ್ಲಿನ ಚರ್ಚು. ಎಲ್ಲ ನೋಡಿದೆ. “ಇಲ್ನೋಡ” ಅನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮಿತ್ಲಾ ಎಂಬ ಪುರಾತನ ಊರಲ್ಲಿ ಗುಂಪು ಬಿಟ್ಟು ಸಂತೆಗೆ ನಡೆದೆ. ಮಣ್ಣಿನ ಹಂಚಿನ ಮೇಲೆ ಅಜ್ಜಿಯೊಬ್ಬಳು ಮೆಕ್ಕೆಜೋಳದ ರೊಟ್ಟಿ ಸುಟ್ಟು ಮಾರುತ್ತಿದ್ದಳು. ಥೇಟ್ ನಮ್ಮ ಕಡಕ್ ರೊಟ್ಟಿ! ಗಿರಾಕಿ ಕಡಿಮೆಯಾದಾಗ ತಾನೂ ಊಟಕ್ಕೆ ಕೂತಳು. ನನ್ನನ್ನು ನೋಡಿ, ಅರ್ಧ ಮುರಿದು ಚಾಚಿದಳು.

ನಾನು ಕೈ ಎತ್ತಿ ನಕ್ಕು ಕನ್ನಡದಲ್ಲೇ ಅಂದೆ. “ನಮ್ಮದಾತ್ರಿ, ನೀವು ಮಾಡ್ರಿ.”

ನನ್ನ ಊಟ ಆಗಿರಲಿಲ್ಲ. ಬೆಳಗ್ಗಿನಿಂದ ಬರೀ ಕಾಫಿ. ಆದರೆ ಗದಗ ಸೀಮೆಯಲ್ಲಿ ಬೆಳೆದವನು ಮೊದಲ ಸಲಕ್ಕೇ ಹ್ಞೂಂ ಅನ್ನುತ್ತಾನಾ? ಒಮ್ಮೆ ಬೇಡ ಅನ್ನಬೇಕು. ಅವರು ಕೈ ಹಿಡಿದು ಜಗ್ಗಬೇಕು. ಆಮೇಲೆ “ನಿಮ್ಮ ಸಲುವಾಗಿ ಅರ್ಧಾ” ಅಂತ ಕೂತು ಮೂರು ರೊಟ್ಟಿ ಮುಗಿಸಬೇಕು. ಇದು ನಮ್ಮ ಮ್ಯಾನರ್ಸು.

ಅಜ್ಜಿಗೆ ಇದೆಲ್ಲ ಏನು ಗೊತ್ತು? ತಲೆಯಾಡಿಸಿ ಆ ಅರ್ಧವನ್ನೂ ತಾನೇ ತಿಂದಳು. ನಾನು ಎದುರಿನ ಕಟ್ಟೆಯ ಮೇಲೆ ಎರಡನೇ ಕರೆಗೆ ಕಾದೆ. ಬಂದವನು ಗೈಡ್, ಬಸ್ ಹೊರಟಿತು ಅಂತ.

ದುಡ್ಡು ಕೊಟ್ಟು ತಿನ್ನಬಹುದಿತ್ತಲ್ಲ ಅಂತೀರಾ? ತಿನ್ನಬಹುದಿತ್ತು. ಆದರೆ ನನಗೆ ಬೇಕಿದ್ದದ್ದು ಯಾರಾದರೂ ಒತ್ತಾಯ ಮಾಡುವುದು.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಶಾರದಾ ನನ್ನ ‘ಬ್ಯಾಡ’ವನ್ನು ಒಂದು ದಿನವೂ ನಂಬಿರಲಿಲ್ಲ. “ಸುಮ್ನ ಕುಂಡ್ರಿ, ಮಾರಿ ನೋಡಿದ್ರ ಗೊತ್ತಾಗತೈತಿ” ಅಂತ ತಾಟಿಗೆ ಹಾಕಿಯೇ ಬಿಡುತ್ತಿದ್ದಳು. ಅವಳು ಹೋದ ಮೇಲೆ ‘ಊಟ ಆತೇನ್ರಿ’ ಅಂತ ಕೇಳಿದವರಿಗೆಲ್ಲ ‘ಆತ್ರಿ’ ಅನ್ನುತ್ತಲೇ ಬಂದಿದ್ದೇನೆ. ನಮ್ಮೂರು ಬೆಟಗೇರಿ ಇಡೀ ನಂಬಿದೆ.

ಊರಿಗೆ ಬಂದವನೇ ನಿರ್ಧರಿಸಿದೆ, ಇನ್ನು ಸುಳ್ಳು ಹೇಳುವುದಿಲ್ಲ. ಮೊನ್ನೆ ಮಧ್ಯಾಹ್ನ ಗೇಟಿನ ಹತ್ತಿರ ನಿಂತಿದ್ದೆ. ಪಕ್ಕದ ಮನೆಯ ಬಸಣ್ಣ ಸ್ಕೂಟರ್ ಮೇಲೆ ಹೊರಟಿದ್ದ.

“ಊಟ ಆತೇನ್ರಿ ಸರ?”

ಎದೆ ಗಟ್ಟಿ ಮಾಡಿಕೊಂಡು ಅಂದೆ. “ಇಲ್ಲ ಬಸಣ್ಣ, ಆಗಿಲ್ಲ.”

“ಛಲೋ ಆತ್ ಬಿಡ್ರಿ!” ಅಂತ ನಕ್ಕು, ಗಾಡಿ ತಿರುಗಿಸಿ ಹೋದ.

ದಿನಕ್ಕೆ ಹತ್ತು ಸಲ ಊಟ ಆತೇನು ಅಂತ ಕೇಳುತ್ತೇವಲ್ಲ, ಉತ್ತರ ಕೇಳಿಸಿಕೊಂಡು ಎಷ್ಟು ದಿನವಾಯಿತು?