ಅಪ್ಪನ ಸಾಕ್ಷಿ, ಅಮ್ಮನ ಹಣೆ

ತರೀಕೆರೆಯಲ್ಲಿ ನಮ್ಮ ಸಭೆ ಸೇರುತ್ತಿದ್ದುದು ಒಂದು ಹಳೆಯ ಹೆಂಚಿನ ಮಳಿಗೆಯಲ್ಲಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಭಾನುವಾರದ ಆರಾಧನೆಗೆ ಮೊದಲು ಮಕ್ಕಳಿಗೆ ಸತ್ಯವೇದದ, ಅಂದರೆ ಬೈಬಲಿನ, ಪಾಠ ಹೇಳುತ್ತಿದ್ದವರು ನಮ್ಮಪ್ಪ. ಪಾಠವೆಂದರೆ ಅವರಿಗೆ ಪದಗಳು. ವಿಮೋಚನಕಾಂಡ ಹಿಡಿದರೂ, ದೇವರು ತನ್ನ ಜನರನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದ ಕಥೆ ಆಮೇಲೆ. ಮೊದಲು ಅರ್ಥ, ವಿರುದ್ಧ ಪದ.

"ವಿಮೋಚನೆ?"

"ದಾಸತ್ವ!"

"ರಕ್ಷಣೆ?"

"ನಾಶ!"

"ಬಿಡುಗಡೆ?"

"ಬಂಧನ!"

ನಮ್ಮ ಕೂಗಿಗೆ ಪಕ್ಕದ ಸೈಕಲ್ ಶಾಪಿನವನಿಗೂ ಅವು ಬಾಯಿಪಾಠವಾಗಿದ್ದವು. ಐಗುಪ್ತ ಎಲ್ಲಿದೆಯೆಂದು ಕೇಳಿದರೆ ಮಾತ್ರ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆರಾಧನೆಯ ನಡುವೆ ಸಾಕ್ಷಿ ಇರುತ್ತಿತ್ತು. ದೇವರು ತನ್ನನ್ನು ಯಾವುದರಿಂದ ಬಿಡಿಸಿದನೆಂದು ಎದ್ದು ನಿಂತು ಎಲ್ಲರೆದುರು ಹೇಳುವುದು ನಮ್ಮವರ ಪದ್ಧತಿ. ಒಬ್ಬರು ಜ್ವರ ಬಿಟ್ಟಿದ್ದನ್ನು ಹೇಳಿದರೆ ಇನ್ನೊಬ್ಬಾಕೆ ಕಳೆದುಹೋದ ಎಮ್ಮೆ ಸಿಕ್ಕಿದ್ದನ್ನು ಹೇಳುತ್ತಿದ್ದಳು. ಅಪ್ಪನದು ದೊಡ್ಡ ಸಾಕ್ಷಿ. ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ಕೆಲಸಕ್ಕಿದ್ದಾಗ ಅವರು ವಿಪರೀತ ಕುಡಿಯುತ್ತಿದ್ದರು.

"ನಾನು ಮಹಾಪಾಪಿ. ಕುಡ್ದು ಬಂದು, ಬಸುರಿ ಹೆಂಡ್ತಿ ಅನ್ನೋದೂ ನೋಡ್ದೆ, ಒಲೇಲಿದ್ದ ಸೌದೆ ಕಿತ್ಕೊಂಡು ಹಣೆಗೆ ಹೊಡ್ದೆ" ಎನ್ನುವಾಗ ಅವರ ಕಣ್ಣು ಮೇಲೆ ಹೆಂಚಿನ ಕಡೆ ಇರುತ್ತಿತ್ತು. ಆಮೇಲೆ ಕುಡಿತ ಬಿಟ್ಟ ಕಥೆ, ಸಭೆಯಿಂದ "ಸ್ತೋತ್ರ, ಸ್ತೋತ್ರ." ಎಂದಾದರೂ ಚುಟುಕಾಗಿ ಮುಗಿಸಿದರೆ ಮುಂದೆ ಕೂರುತ್ತಿದ್ದ ಮುದುಕರೊಬ್ಬರು, "ಸೌದೆ ವಿಷ್ಯ ಬಿಟ್ಬಿಟ್ಯಲ್ಲಪ್ಪಾ" ಎಂದು ನೆನಪಿಸುತ್ತಿದ್ದರು.

ಸೌದೆಯ ಮಾತು ಬಂದೊಡನೆ ಹೆಂಗಸರ ಚಾಪೆಯಲ್ಲಿದ್ದವರೆಲ್ಲ ತಿರುಗಿ ಅಮ್ಮನ ಹಣೆ ನೋಡುತ್ತಿದ್ದರು. ಎಡಹುಬ್ಬಿನ ಮೇಲೆ ಗಾಯದ ಗೆರೆಯಿತ್ತು. ಆರಾಧನೆಯಲ್ಲಿ ಹೆಂಗಸರೆಲ್ಲ ತಲೆಗೆ ಸೆರಗು ಹೊದೆಯುತ್ತಿದ್ದರು. ಅಮ್ಮನ ಸೆರಗು ಹುಬ್ಬಿನವರೆಗೆ ಇಳಿಯುತ್ತಿತ್ತು. ಆ ಬಸುರಿನಲ್ಲಿದ್ದವಳು ನಾನು. ಪಕ್ಕದಲ್ಲಿ ಕೂತ ನನಗೆ ನಾಚಿಕೆಯಾಗುತ್ತಿತ್ತು. ಕುಡಿತ ಬಿಟ್ಟ ಅಪ್ಪ ಇರುವುದಕ್ಕೆ ಯಾರಾದರೂ ನಾಚುತ್ತಾರೆಯೇ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಆದರೂ ಕಣ್ಣೆದುರೇ ಕಾಣುತ್ತಿತ್ತು: ಹೊಡೆದವರು ಹೇಳಿ ಹೇಳಿ ಹಗುರಾಗುತ್ತಿದ್ದರು, ಪೆಟ್ಟು ತಿಂದವಳು ಮುದುಡುತ್ತಿದ್ದಳು.

ಅಕ್ಕನನ್ನು ನೋಡಲು ಕಡೂರಿನಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಮೊದಲು ಆರಾಧನೆ, ಆಮೇಲೆ ನಮ್ಮ ಮನೆಯಲ್ಲಿ ಊಟ. ಹಿಂದಿನ ದಿನ ಅಮ್ಮ ಅಕ್ಕಿ ಆರಿಸುತ್ತ ಅಪ್ಪನಿಗೆ ಹೇಳಿದಳು:

"ನಾಳೆ ಒಂದಿನ ಆ ಮಾತು ಬ್ಯಾಡ ಕಣ್ರೀ. ಹುಡುಗಿ ಬಾಳಿನ ಪ್ರಶ್ನೆ."

"ದೇವರ ಉಪಕಾರ ಮುಚ್ಚಿಡಕ್ಕಾಗುತ್ತೇನೇ? ಬೀಗರಾಗೋರಿಗೂ ಗೊತ್ತಾಗ್ಲಿ, ನಮ್ಮನೇಲಿ ಎಂಥಾ ಕೆಲಸ ಮಾಡವ್ನೆ ದೇವ್ರು ಅಂತ."

ಅಪ್ಪ ನಿಜವಾಗಿಯೂ ಅದನ್ನು ಮನೆಯ ಹೆಮ್ಮೆಯೆಂದೇ ತಿಳಿದಿದ್ದರು. ಅಮ್ಮ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು.

ಭಾನುವಾರ ಗಂಡಿನ ತಾಯಿ ಅಮ್ಮನ ಪಕ್ಕದಲ್ಲೇ ಕೂತರು. ಅಪ್ಪ ಎದ್ದರು. ಅಂದು ಸೌದೆಯ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಆಕೆ ತಿರುಗಿ ಅಮ್ಮನ ಹಣೆ ನೋಡಿದರು, ಆಮೇಲೆ ಅಕ್ಕನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಸ್ತೋತ್ರ ಮುಗಿಯಿತು. ಅಪ್ಪ ಕೂತರು. ಆಗ ಅಮ್ಮ ಎದ್ದು ನಿಂತಳು. ಅವಳು ಅದುವರೆಗೆ ಒಮ್ಮೆಯೂ ಸಾಕ್ಷಿ ಹೇಳಿದವಳಲ್ಲ.

"ಇವರಿಗೆ ಬಿಡುಗಡೆ ಆಗಿ ಎಷ್ಟೋ ವರ್ಷ ಆಯ್ತು" ಎಂದಳು. "ನಾನು ಮಾತ್ರ ಇನ್ನೂ ಆ ಒಲೆ ಮುಂದೇನೇ ಕೂತಿದ್ದೀನಿ. ಪ್ರತಿ ಭಾನುವಾರ ಎಲ್ರ ಮುಂದೆ ಅದೇ ಏಟು ತಿಂತಿದ್ದೀನಿ. ನನಗೂ ಬಿಡುಗಡೆ ಆಗ್ಲಿ ಅಂತ ಪ್ರಾರ್ಥನೆ ಮಾಡ್ರಿ."



ಕಡೂರಿನವರು ಊಟ ಮಾಡಿದರು, ಹೇಳಿಕಳಿಸುತ್ತೇವೆ ಎಂದರು, ಕಳಿಸಲಿಲ್ಲ. ಅಕ್ಕನ ಮದುವೆ ಮುಂದೆ ಅಜ್ಜಂಪುರದ ಕಡೆಯ ಹುಡುಗನೊಂದಿಗೆ ಆಯಿತು.  ಆ ಭಾನುವಾರದ ಮರುದಿನದಿಂದ ವಾರವೆಲ್ಲ ಅಕ್ಕ ಅಮ್ಮನಿಗೆ ತಾನೇ ತಲೆ ಬಾಚಿದಳು.

ಮುಂದಿನ ಭಾನುವಾರದ ಪಾಠದಲ್ಲಿ ಅಪ್ಪ "ಬಿಡುಗಡೆ?" ಎಂದರು. "ಬಂಧನ!" ಎಂದು ಕೂಗಿದೆವು. ಅವರು ಮುಂದಿನ ಪದ ಕೇಳದೆ ಸೀಮೆಸುಣ್ಣ ಕೆಳಗಿಟ್ಟರು.

ಆರಾಧನೆಯಲ್ಲಿ ಸಾಕ್ಷಿಯ ಹೊತ್ತು ಬಂತು. ಅಪ್ಪ ಏಳಲಿಲ್ಲ. ಮುಂದಿನ ಸಾಲಿನ ಮುದುಕರು ತಿರುಗಿ, "ಯಾಕಪ್ಪಾ, ಇವತ್ತು ಏನೂ ಇಲ್ವಾ?" ಎಂದರು.

ಅಪ್ಪ ಹೆಂಚಿನ ಕಡೆ ನೋಡಲಿಲ್ಲ. ಹೆಂಗಸರ ಚಾಪೆಯ ಕಡೆ ನೋಡಿದರು. ಅಮ್ಮನ ಸೆರಗು ಅಂದು ಎಲ್ಲರಂತೆ ನೆತ್ತಿಯ ಮೇಲಿತ್ತು, ಹಣೆ ಪೂರ್ತಿ ಕಾಣುತ್ತಿತ್ತು. ಅದನ್ನು ನೋಡಿ ಅವರು ತಲೆ ತಗ್ಗಿಸಿದರು. ನಮ್ಮ ಮನೆಯವರಲ್ಲಿ ಆ ದಿನ ನಾಚಿಕೆಪಟ್ಟವರು ಅವರೊಬ್ಬರೇ.